ಹಳೆಯ ಸರ್ವರ್‌ಗೆ ಎಸ್‌ಎಸ್‌ಡಿ



ಮೂವತ್ತು ಮಕ್ಕಳು ಒಮ್ಮೆಗೇ ಪಾಠದ ಕಡತಗಳನ್ನು ತೆರೆದಾಗ ಶಾಲೆಯ ಹಳೆಯ ಸರ್ವರ್ ತಡವರಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಬೇಕಾದ ಭಾಗವು ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡು ಕಾಯಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲವಾದ್ದರಿಂದ ಆ ಕಾಯುವಿಕೆಯೂ ಇಲ್ಲ. ಆದರೆ ಅದನ್ನು ಅಳವಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು.

ಮೊದಲು ಪೋರ್ಟನ್ನು ಗಮನಿಸಿರಿ. ಕೆಲವು ಹಳೆಯ ಮದರ್‌ಬೋರ್ಡುಗಳಲ್ಲಿ 3 ಮತ್ತು 6 ಗಿಗಾಬಿಟ್ ಸಾಟಾ ಪೋರ್ಟುಗಳೆರಡೂ ಇರುತ್ತವೆ. ಎಸ್‌ಎಸ್‌ಡಿಯನ್ನು 6 ಗಿಗಾಬಿಟ್‌ಗೆ ಜೋಡಿಸಬೇಕು. 3 ಗಿಗಾಬಿಟ್ ಮಾತ್ರವಿದ್ದರೆ ದೊಡ್ಡ ಕಡತದ ವೇಗ ಸೆಕೆಂಡಿಗೆ 300 ಮೆಗಾಬೈಟಿನೊಳಗೆ ನಿಲ್ಲುತ್ತದೆ. ಆಗಲೂ ಸಣ್ಣ ಕಡತಗಳು ಬೇಗ ತೆರೆಯುತ್ತವೆ.

ಎರಡನೆಯದಾಗಿ, ಬಯಾಸಿನಲ್ಲಿ ಐಡಿಇ ಬದಲು ಎಎಚ್‌ಸಿಐ ಇರಲಿ. ಇದನ್ನು ವಿಂಡೋಸ್ ಸ್ಥಾಪಿಸುವ ಮೊದಲೇ ಬದಲಿಸಿರಿ. ಅನಂತರ ಬದಲಿಸಿದರೆ ಗಣಕವು ಏಳದೆ ಹೋಗಬಹುದು.

ಮೂರನೆಯದಾಗಿ, ಅಳಿಸಿದ ಜಾಗ ಯಾವುದೆಂದು ಡ್ರೈವಿಗೆ ತಿಳಿಸುವ ಟ್ರಿಮ್ ಆದೇಶ ನಡೆಯುತ್ತಿರಲಿ. ಕಾಸರಗೋಡಿನ ಶಾಲೆಗಳಂತೆ ಲಿನಕ್ಸ್ ಬಳಸುವವರು ವಾರಕ್ಕೊಮ್ಮೆ ಎಫ್‌ಎಸ್‌ಟ್ರಿಮ್ ನಡೆಸಿದರೆ ಸಾಕು. ಹಳೆಯ ರೇಡ್ ಕಾರ್ಡುಗಳು ಈ ಆದೇಶವನ್ನು ಡ್ರೈವಿಗೆ ತಲುಪಿಸದಿರುವುದುಂಟು. ಅಂಥಲ್ಲಿ ಹೊಸ ಡ್ರೈವಿನ ಐದನೆಯ ಒಂದು ಭಾಗವನ್ನು ಮೊದಲಿನಿಂದಲೇ ಬಳಸದೆ ಬಿಡಿರಿ.

ಕೊನೆಯದಾಗಿ ನನ್ನದೇ ತಪ್ಪನ್ನು ಹೇಳುತ್ತೇನೆ. ಒಮ್ಮೆ ಪ್ರತಿ ತೆಗೆಯದೆ ಡಿಸ್ಕ್ ಬದಲಿಸಲು ಹೋಗಿ, ಮಕ್ಕಳು ತಮ್ಮ ಅಜ್ಜಿಯರಿಂದ ಕೇಳಿ ಬರೆದಿದ್ದ ಕನ್ನಡ ಕಥೆಗಳನ್ನು ಕಳೆದೆ. ಅವು ಬೇರೆಲ್ಲಿಯೂ ಇರಲಿಲ್ಲ. ಎಸ್‌ಎಸ್‌ಡಿ ಕೂಡ ಮುನ್ಸೂಚನೆಯಿಲ್ಲದೆ ಕೆಡಬಲ್ಲದು. ಆದ್ದರಿಂದ ಸರ್ವರ್‌ನ ಸ್ಕ್ರೂ ಬಿಚ್ಚುವ ಮುನ್ನವೂ, ಅನಂತರ ವಾರವಾರವೂ ಹೊರಗಿನ ಡಿಸ್ಕಿಗೆ ಪ್ರತಿ ತೆಗೆದಿಡಿರಿ.