ಬೆಂಕಿಗೆ ಎದೆಯೊಡ್ಡಿದವರನ್ನು ನೆನೆಯೋಣ

(ಯೇವಲಾದ ಕನ್ನಡಿಗರ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡುನುಡಿಗಳ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಬಲ್ಲವರು ಈಗಾಗಲೆ ಸೊಗಸಾಗಿ ಮಾಡಿದ್ದಾರೆ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನಮಗೆ ತೀರದಿರುವ ಒಂದು ಹಳೆಯ ಬಾಕಿಯ ನೆನಪಾಗಿದೆ. ಅದನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ.

ಕಳೆದ ದೀಪಾವಳಿಯ ಮರುದಿನ ನಮ್ಮ ಓಣಿಯ ನೇಕಾರರೊಬ್ಬರ ಮನೆಗೆ ಬೆಂಕಿ ತಗುಲಿತು. ಇಲ್ಲಿಯ ಹಳೆಯ ಮನೆಗಳನ್ನು ತಾವು ಕಂಡೇ ಇದ್ದೀರಿ. ಮರದ ಕಂಬ, ಮರದ ಮಾಳಿಗೆ. ಒಳಗೆ ಪೈಠಣಿಯ ಮಗ್ಗ, ರೇಷ್ಮೆ, ಜರಿ. ಊರವರು ‘ಬಂಬ’ ಎನ್ನುವ ಅಗ್ನಿಶಾಮಕ ಬಂಡಿ ಬಂದಿತು. ಆದರೆ ಓಣಿಯ ಬಾಯಲ್ಲಿ ನಾವೇ ಸಾಲಾಗಿ ನಿಲ್ಲಿಸಿದ್ದ ಮೋಟಾರು ಸೈಕಲ್ಲುಗಳು ಅದಕ್ಕೆ ದಾರಿ ಕೊಡಲಿಲ್ಲ. ಆ ಜನ ಕೊಳವೆಯನ್ನು ಹೆಗಲ ಮೇಲೆ ಹೊತ್ತು ಒಳಗೆ ಓಡಿದರು. ಅರ್ಧ ನೇಯ್ದ ಸೀರೆ ಸುಟ್ಟುಹೋಯಿತು, ಮನೆಮಂದಿ ಉಳಿದರು. ಬೆಂಕಿ ಆರಿದ ಮೇಲೆ ಅವರಲ್ಲೊಬ್ಬ ತರುಣ ನಮ್ಮ ಕಟ್ಟೆಯ ಮೇಲೆ ಕುಳಿತು, ಕೆಮ್ಮುತ್ತ, ನೀರು ಕೇಳಿದ. ನಾವು ಹಿರಿಯರೆಲ್ಲ ಬೆಂಕಿಗೆ ಕಾರಣವೇನೆಂಬ ಚರ್ಚೆಯಲ್ಲಿ ಮುಳುಗಿದ್ದೆವು. ತಂಬಿಗೆ ತಂದು ಕೊಟ್ಟವಳು ನಮ್ಮ ಏಳು ವರ್ಷದ ಮಗಳು. ಅವನ ಹೆಸರನ್ನು ಕೇಳಿದವಳೂ ಅವಳೇ. ಆ ದಿನದ ನಾಚಿಕೆಯೇ ಇಂದಿನ ಈ ಮಾತಿಗೆ ಮೂಲ.

ಬಂಧುಗಳೆ, ಏಪ್ರಿಲ್ 14 ಎಂದೊಡನೆ ಯೇವಲಾದಲ್ಲಿ ಡಾ. ಅಂಬೇಡ್ಕರರ ಜಯಂತಿ ನೆನಪಾಗುತ್ತದೆ. 1935ರ ಅಕ್ಟೋಬರ್ 13ರಂದು ಅವರು ಮತಾಂತರದ ಘೋಷಣೆ ಮಾಡಿದ ಊರಿದು. ಆ ದಿನ ಇಲ್ಲಿ ಉತ್ಸವವಾಗುವುದು ಯೋಗ್ಯವೇ ಸರಿ. ಆದರೆ ಅದೇ ದಿನ ದೇಶದ ಅಗ್ನಿಶಾಮಕ ಸೇವಾ ದಿನವೂ ಹೌದೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅದರ ಹಿಂದಿನ ಕಥೆ ಮುಂಬಯಿಯದು. 1944ರ ಏಪ್ರಿಲ್ 14. ಎರಡನೆಯ ಮಹಾಯುದ್ಧದ ಕಾಲ. ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ನಿಂತಿತ್ತು. ಅದರ ಹೊಟ್ಟೆಯಲ್ಲಿ ಸುಮಾರು 1,400 ಟನ್ ಮದ್ದುಗುಂಡು, ಕರಾಚಿಯಲ್ಲಿ ತುಂಬಿದ ಹತ್ತಿಯ ಬೇಲುಗಳು, ಎಣ್ಣೆಯ ಪೀಪಾಯಿಗಳು. ಜೊತೆಗೆ ಪೆಟ್ಟಿಗೆಗಟ್ಟಲೆ ಚಿನ್ನದ ಗಟ್ಟಿ. ಹತ್ತಿ ಮತ್ತು ಸಿಡಿಮದ್ದು ಒಂದೇ ಹಡಗಿನಲ್ಲಿ! ಮಧ್ಯಾಹ್ನ ಎರಡರ ಸುಮಾರಿಗೆ ಹೊಗೆ ಕಂಡಿತು. ಅಗ್ನಿಶಾಮಕ ದಳದವರು ಬಂದು ನೀರು ಹಾಯಿಸತೊಡಗಿದರು. ಒಳಗಿರುವುದು ಸಿಡಿಮದ್ದು ಎಂದು ತಿಳಿದ ಮೇಲೂ ಪಂಪುಗಳು ನಿಲ್ಲಲಿಲ್ಲ. ನಾಲ್ಕು ಗಂಟೆ ಆರು ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆಯಲ್ಲಿ ಮತ್ತೊಮ್ಮೆ. ದೂರದ ಸಿಮ್ಲಾದ ಭೂಕಂಪಮಾಪಕವೂ ಅದನ್ನು ಗುರುತಿಸಿತಂತೆ. ಅಗ್ನಿಶಾಮಕ ದಳದ 66 ಜನ ಕರ್ತವ್ಯದಲ್ಲೇ ಮಡಿದರು. ಉಳಿದಂತೆ ಸತ್ತವರ ಲೆಕ್ಕ ಇಂದಿಗೂ ಒಂದಾಗಿಲ್ಲ. ಎಂಟುನೂರು ಎನ್ನುವವರುಂಟು, ಸಾವಿರ ಮೀರಿತೆನ್ನುವವರುಂಟು.

ಯುದ್ಧಕಾಲದ ಸೆನ್ಸಾರಿನಿಂದಾಗಿ ಈ ಸುದ್ದಿಯ ವಿವರ ನಮ್ಮ ಪತ್ರಿಕೆಗಳಲ್ಲಿ ಬರಲು ಮೇ ತಿಂಗಳಾಯಿತು. ಊರು ಒಟ್ಟಾಗಿ ಅತ್ತು ಹಗುರಾಗಲೂ ಅವಕಾಶವಿರಲಿಲ್ಲ. ಆ ಚಿನ್ನದ ಗಟ್ಟಿಗಳ ಮಾತು ಬೇರೆ. ದಶಕಗಳ ಅನಂತರ ಹೂಳೆತ್ತುವಾಗ ಒಂದು ಸಿಕ್ಕರೂ ಅದು ದೊಡ್ಡ ಸುದ್ದಿ! ಚಿನ್ನದ ಲೆಕ್ಕವನ್ನು ಲೋಕ ಮರೆಯಲಿಲ್ಲ. ಆ ಅರವತ್ತಾರು ಜನರ ಲೆಕ್ಕವನ್ನು ಮರೆಯದಿರುವುದು ನಮ್ಮ ಪಾಲಿನ ಕೆಲಸ.

ಇನ್ನು ಈ ನವೆಂಬರ್ ತಿಂಗಳು. ಮೊದಲನೆಯ ತಾರೀಖು ನಮಗೆ ಹಬ್ಬ. 26 ಮುಂಬಯಿಗೆ ದುಃಖದ ದಿನ. 2008ರ ಆ ರಾತ್ರಿ ಗಿರಗಾಂವ ಚೌಪಾಟಿಯಲ್ಲಿ ತುಕಾರಾಮ ಓಂಬಳೆ ಎಂಬ ಪೊಲೀಸರು ಶತ್ರುವಿನ ಬಂದೂಕಿನ ನಳಿಗೆಯನ್ನೇ ಕೈಯಾರೆ ಹಿಡಿದು, ಗುಂಡು ದೇಹವನ್ನು ಸೀಳಿದರೂ ಬಿಡಲಿಲ್ಲ. ಕಾಮಾ ಆಸ್ಪತ್ರೆಯ ದಾದಿ ಅಂಜಲಿ ಕುಲಥೆಯವರು ಇಪ್ಪತ್ತು ಮಂದಿ ಗರ್ಭಿಣಿಯರನ್ನು ಸುರಕ್ಷಿತ ಜಾಗಕ್ಕೆ ಸೇರಿಸಿ ಕಾಪಾಡಿದರು. ತಾಜ್ ಹೋಟೆಲಿನ ಕಿಟಕಿಗಳಿಗೆ ಏಣಿ ಹಚ್ಚಿ ಅಗ್ನಿಶಾಮಕ ದಳದವರು ಅತಿಥಿಗಳನ್ನು ಇಳಿಸಿದರು.

ಈ ವಿಷಯವನ್ನು ಮಾತಾಡುತ್ತೇವೆಂದಾಗ ಮಿತ್ರರೊಬ್ಬರು, “ರಾಜ್ಯೋತ್ಸವದಲ್ಲಿ ಇದೇಕೆ? ಅವರಲ್ಲಿ ನಮ್ಮವರು ಯಾರಿದ್ದಾರೆ?” ಎಂದು ಕೇಳಿದರು. ಒಂದು ಉತ್ತರ ಸುಲಭವಾಗಿದೆ. ತಾಜ್‌ನಲ್ಲಿ ಪ್ರಾಣವಿತ್ತ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದವರು. ಆದರೆ ಆ ಉತ್ತರಕ್ಕೇ ನಿಂತರೆ ಸಾಲದು. ಅವರು ಹುಟ್ಟಿದ್ದು ಕೋಳಿಕ್ಕೋಡಿನಲ್ಲಿ, ಬೆಳೆದದ್ದು ಕನ್ನಡ ನಾಡಿನಲ್ಲಿ, ಮಡಿದದ್ದು ಮರಾಠಿ ನೆಲದಲ್ಲಿ. ಒಳಗೆ ಸಿಕ್ಕಿಕೊಂಡವರ ಊರು ಭಾಷೆಗಳನ್ನು ಕೇಳಿ ಅವರು ಒಳಹೊಕ್ಕರೇ? ನಮ್ಮ ಓಣಿಗೆ ಬಂದ ತರುಣ ನಮ್ಮ ಮನೆಮಾತನ್ನು ವಿಚಾರಿಸಿದನೇ? ಹೊಟ್ಟೆಪಾಡಿಗೆ ಹೊರನಾಡಿಗೆ ಬಂದ ನಾವು ‘ನಮ್ಮವರು’ ಎಂಬ ಮಾತಿನ ಹರವನ್ನು ಹಿಗ್ಗಿಸಿಕೊಳ್ಳದಿದ್ದರೆ ಮತ್ತಾರು ಹಿಗ್ಗಿಸಿಕೊಳ್ಳಬೇಕು?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳಿದ್ದಾರೆ. ನೆನಪಿನ ಮಾತೂ ಹಾಗೆಯೇ. ದುರಂತವಾದ ವಾರ ಮೇಣದ ಬತ್ತಿ ಹಚ್ಚಿ, ಮುಂದಿನ ವಾರ ಮರೆತರೆ ಅದು ಸ್ಮರಣೆಯಲ್ಲ. ಆದ್ದರಿಂದ ಸಂಘದ ಮುಂದೆ ಮೂರು ಬಿನ್ನಹಗಳು. ಮೊದಲನೆಯದು, ಪ್ರತಿ ಮನೆಯವರೂ ತಮ್ಮ ಓಣಿಯಲ್ಲಿ ಬಂಬಕ್ಕೆ ದಾರಿ ಬಿಟ್ಟು ವಾಹನ ನಿಲ್ಲಿಸಲಿ. ಎರಡನೆಯದು, 101 ಮತ್ತು 112 ಎಂಬ ಸಂಖ್ಯೆಗಳನ್ನು ಬಾಗಿಲ ಹಿಂದೆ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸಲಿ. ಮೂರನೆಯದು, ಬರುವ ಏಪ್ರಿಲ್ 14ರ ಬೆಳಿಗ್ಗೆ, ಜಯಂತಿಯ ಮೆರವಣಿಗೆಗೆ ಮುಂಚೆ, ನಾವೆಲ್ಲ ಮಕ್ಕಳೊಡನೆ ಇಲ್ಲಿಯ ಅಗ್ನಿಶಾಮಕ ಠಾಣೆಗೆ ಹೋಗಿ ಒಂದು ನಿಮಿಷ ಮೌನವಾಗಿ ನಿಂತು, ಅಲ್ಲಿಯವರಿಗೆ ಸಿಹಿ ಹಂಚಿ ಬರೋಣ. ಹಾರತುರಾಯಿ, ಭಾಷಣ ಬೇಡ. ಮರಾಠಿಯಲ್ಲಿ ‘ಆಭಾರ’ ಎಂದರೆ ಸಾಕು.

ನಮ್ಮ ಮಗಳು ಆ ತರುಣನ ಹೆಸರನ್ನು ಇನ್ನೂ ನೆನಪಿಟ್ಟಿದ್ದಾಳೆ. ದಾರಿಯಲ್ಲಿ ಬಂಬ ಕಂಡರೆ ಆ ಹೆಸರು ಹಿಡಿದು, “ಕಾಕಾ ಇದ್ದಾರೆಯೇ?” ಎಂದು ಇಣುಕುತ್ತಾಳೆ. ಅವಳಿಂದ ನಾವು ಕಲಿತದ್ದನ್ನೇ ತಮ್ಮ ಮುಂದೆ ಒಪ್ಪಿಸಿದ್ದೇವೆ.