ಎಂಜಿನ್ ತೊಳೆಸಿದ ಮೇಲೆ ಕಾರು ನಡುಗಿದರೆ



2023ರ ಡಿಸೆಂಬರ್ ಮೊದಲ ವಾರದ ಮಿಚಾಂಗ್ ಚಂಡಮಾರುತ ನಿಮಗೆ ನೆನಪಿರಬೇಕು. 2015ರ ನೆರೆಯ ಪಾಠ ಮರೆಯದ ವೇಳಚ್ಚೇರಿಯ ಜನ ತಮ್ಮ ಕಾರುಗಳನ್ನು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದ್ದರು. ನನ್ನ ಕಾರೂ ಹಾಗೆಯೇ ಉಳಿಯಿತು. ಆದರೆ ಆಮೇಲೆ ಕೆಸರಿನ ಬೀದಿಗಳಲ್ಲಿ ಓಡಾಡಿ ಬಾನೆಟ್ಟಿನ ಒಳಗೆಲ್ಲ ಮಣ್ಣು. ಒಂದು ಭಾನುವಾರ ವಾಟರ್ ವಾಶ್‌ಗೆ ಬಿಟ್ಟೆ. ಹುಡುಗ ಪೈಪು ಹಿಡಿದು ಜೋರಾಗಿ ನೀರು ಹೊಡೆದ. ಎಂಜಿನ್ ಫಳಫಳ ಹೊಳೆಯಿತು.

ಮರುದಿನ ಬೆಳಿಗ್ಗೆ ಅತ್ತೆಯವರನ್ನು ಬೆಂಗಳೂರು ರೈಲಿಗೆ ಹತ್ತಿಸಲು ಸೆಂಟ್ರಲ್‌ಗೆ ಹೊರಟರೆ, ಕಾರು ಚಳಿಜ್ವರ ಬಂದವರಂತೆ ನಡುಗುತ್ತಿದೆ! ಮೀಟರಿನಲ್ಲಿ ಎಂಜಿನ್ ದೀಪ ಮಿನುಗುತ್ತಿದೆ. 'ಒಣಗಿದರೆ ಸರಿಹೋಗುತ್ತೆ' ಎಂದುಕೊಂಡು ನಾಲ್ಕು ದಿನ ಹಾಗೆಯೇ ಓಡಿಸಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ನೀವು ಮಾಡಬೇಡಿ.

ಆಗಿದ್ದೇನು? ಇಂದಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಪ್ರತಿ ಸ್ಪಾರ್ಕ್ ಪ್ಲಗ್ಗಿನ ಮೇಲೂ ಒಂದೊಂದು ಇಗ್ನಿಷನ್ ಕಾಯಿಲ್ ಕೂತಿರುತ್ತದೆ. ಪ್ಲಗ್ ಇರುವುದು ಬಾವಿಯಂಥ ಗುಳಿಯಲ್ಲಿ. ಅಲ್ಲಿಗೆ ನೀರು ಇಳಿದರೆ ಕಿಡಿ ಪ್ಲಗ್ಗಿನ ತುದಿಗೆ ಹೋಗದೆ ನೀರಿನ ದಾರಿ ಹಿಡಿದು ಲೋಹಕ್ಕೆ ಹಾರುತ್ತದೆ. ಆ ಸಿಲಿಂಡರಿನ ಪೆಟ್ರೋಲ್ ಉರಿಯದೆ ಹೊಗೆಕೊಳವೆಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ನೂರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಗೆ ಹೋಗುವುದು ಹೀಗೆ. ದೀಪ ಮಿನುಗಿದರೆ ಗಾಡಿ ನಿಲ್ಲಿಸಿ.

ನಿಲ್ಲಿಸಿ ಏನು ಮಾಡಬೇಕು? ಮೊದಲು ಏರ್ ಫಿಲ್ಟರ್ ತೆರೆದು ನೋಡಿ. ಅದು ನೆನೆದಿದ್ದರೆ ಸ್ಟಾರ್ಟ್ ಮಾಡಲೇಬೇಡಿ, ಮೆಕ್ಯಾನಿಕ್‌ನ್ನು ಕರೆಸಿ. ಗಾಳಿಯಂತೆ ನೀರು ಕುಗ್ಗುವುದಿಲ್ಲ; ಸಿಲಿಂಡರಿಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ. ಫಿಲ್ಟರ್ ಒಣಗಿದ್ದರೆ, ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕಾಯಿಲ್‌ಗಳನ್ನು ಒಂದೊಂದಾಗಿ ಎತ್ತಿ. ಗುಳಿಯಲ್ಲಿ ನೀರಿದ್ದರೆ ಹತ್ತಿಬಟ್ಟೆಯಿಂದ ಹೀರಿಸಿ ಇಲ್ಲವೇ ಗಾಳಿ ಊದಿಸಿ. ಅದಕ್ಕೂ ಮೊದಲು ಪ್ಲಗ್ ಬಿಚ್ಚಿದರೆ ನೀರು ನೇರವಾಗಿ ಸಿಲಿಂಡರಿಗೆ ಬೀಳುತ್ತದೆ, ಎಚ್ಚರ. ಕನೆಕ್ಟರುಗಳನ್ನು ಬಿಚ್ಚುವಾಗ ತಂತಿ ಎಳೆಯದೆ ಲಾಕ್ ಒತ್ತಿ ತೆಗೆಯಿರಿ.

ಬೇರೆ ಲಕ್ಷಣಗಳೂ ಉಂಟು. ಕೀಲಿ ತಿರುಗಿಸಿದಾಗ ಬರೀ 'ಟಕ್' ಎಂದರೆ ಬ್ಯಾಟರಿ ತುದಿ, ಸ್ಟಾರ್ಟರ್ ನೋಡಿಸಿ. ಕಿರ್ರೆಂಬ ಸದ್ದು ಒದ್ದೆ ಬೆಲ್ಟಿನದು, ಸಾಮಾನ್ಯವಾಗಿ ಒಣಗಿದ ಮೇಲೆ ನಿಲ್ಲುತ್ತದೆ. ಆದರೆ ಬ್ಯಾಟರಿ ದೀಪ ಆರದಿದ್ದರೆ ಆಲ್ಟರ್ನೇಟರ್ ಕಡೆ ಗಮನ ಕೊಡಿ. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದಾಗ ಪಿ 0301 ಬಂದರೆ ತೊಂದರೆ 1ನೇ ಸಿಲಿಂಡರಿನದು, ಪಿ 0302 ಬಂದರೆ 2ನೆಯದು. ಸಂಖ್ಯೆ ಕೇಳಿ ತಿಳಿದುಕೊಳ್ಳಿ. ನಾಲ್ಕೂ ಕಾಯಿಲ್ ಬದಲಿಸಬೇಕು ಎಂದಾಗ 'ಯಾಕೆ?' ಎಂದು ಕೇಳುವ ಧೈರ್ಯ ಬರುತ್ತದೆ.

ಬೆಸೆಂಟ್ ನಗರ, ತಿರುವಾನ್ಮಿಯೂರಿನಂಥ ಕಡಲ ಬದಿಯಲ್ಲಿರುವವರಿಗೆ ಇನ್ನೊಂದು ಮಾತು. ಉಪ್ಪುಗಾಳಿಗೆ ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದಿರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದ ಅದನ್ನು ತೆಗೆಸಿ.

ಮುಂದಿನ ಸಲ ಎಂಜಿನ್ ಶುಚಿ ಮಾಡಿಸುವಾಗ ನೀವು ಪಕ್ಕದಲ್ಲೇ ನಿಂತಿರಿ. ಕಾಯಿಲ್, ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಗಾಳಿ ಎಳೆಯುವ ಬಾಯಿ, ಇವಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಸಿ. ನಿಜ ಹೇಳಬೇಕೆಂದರೆ ಒದ್ದೆ ಬಟ್ಟೆ, ಹಳೆಯ ಬ್ರಷ್ ಸಾಕು. ಎಂಜಿನ್ ಹೊಳೆಯದಿದ್ದರೂ ಪರವಾಗಿಲ್ಲ. ಅತ್ತೆಯವರು ರೈಲು ತಪ್ಪಿಸಿಕೊಳ್ಳಬಾರದು, ಅಷ್ಟೆ. ಅಂದು ಅವರು ಆಟೋದಲ್ಲಿ ಹೋಗಿ ಹತ್ತಿದರು ಎನ್ನುವುದನ್ನು ಇಂದಿಗೂ ನೆನಪಿಸುತ್ತಾರೆ!