ಅಧಿಕಾರದ ಹೊರಗಿನ ಲೇಖನಿ

(ಯುವ ಬರಹಗಾರರ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ರಾಜಕಾರಣಿಯೊಬ್ಬರು ಪತ್ರಿಕೆಯಲ್ಲಿ ಅರ್ಥನೀತಿಯ ಕುರಿತು ಅಂಕಣ ಬರೆದರೆ ಅದನ್ನು ನಾವು ಹೇಗೆ ಓದಬೇಕು? ನಮಗೆ ಬೇಕಾದ ಪಕ್ಷದವರಾದರೆ ತಲೆದೂಗುತ್ತೇವೆ, ಬೇಡವಾದವರಾದರೆ ಪುಟ ಮಗುಚುತ್ತೇವೆ. ಎರಡೂ ಓದಲ್ಲ. ಇಂದು ಪಿ. ಚಿದಂಬರಂ ಅವರ ಅಂಕಣವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸೋಣ.

1999ರ ಚುನಾವಣೆಯಲ್ಲಿ ಸೋತು ಅಧಿಕಾರದಿಂದ ದೂರವಿದ್ದ ದಿನಗಳಲ್ಲಿ ಅವರು ಬರೆದ ಅಂಕಣಗಳು ಮುಂದೆ ಪುಸ್ತಕವಾದವು. 'ಹೊರಗಿನಿಂದ ಒಂದು ನೋಟ' ಎಂಬರ್ಥದ ಹೆಸರು ಅದಕ್ಕೆ. 2004ರಲ್ಲಿ ಅವರು ಒಳಗೆ ಹೋದರು, ಅರ್ಥಮಂತ್ರಿಯಾದರು. 2014ರಲ್ಲಿ ಮತ್ತೆ ಹೊರಗೆ ಬಂದರು. 'ಇಂಡಿಯನ್ ಎಕ್ಸ್‌ಪ್ರೆಸ್' ಪತ್ರಿಕೆಯ ಭಾನುವಾರದ ಅಂಕಣ ಈ ಎರಡನೆಯ ಸರದಿಯದು. ಒಳಗೂ ಹೊರಗೂ ಇದ್ದ ಇಂತಹ ಲೇಖಕರು ನಮ್ಮಲ್ಲಿ ವಿರಳ. ಆದ್ದರಿಂದಲೇ ಅವರನ್ನು ಆರಿಸಿಕೊಂಡಿದ್ದೇವೆ.

ಮೊದಲು ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸೋಣ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದಾಗ ಸಾಲಿನಲ್ಲಿ ನಿಂತ ಬಡವನಿಗೂ ಕಪ್ಪುಹಣ ಸುಟ್ಟುಹೋಗುತ್ತಿದೆ ಎಂಬ ತೃಪ್ತಿಯನ್ನು ಉಣಿಸಲಾಗಿತ್ತು. ಕರಾವಳಿಯಲ್ಲಿ ಬೀಡಿ ಕಟ್ಟುವ ತಾಯಂದಿರ ಮಜೂರಿ ನಗದಿನದು. ನಗದೇ ಇಲ್ಲವಾದಾಗ ಆ ಮನೆಗಳ ಒಲೆ ಏನಾಯಿತೆಂಬುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ನಾವಾದರೋ ಆಕ್ರೋಶದ ಲೇಖನಗಳನ್ನು ಬರೆದೆವು. ಚಿದಂಬರಂ ಕೇಳಿದ್ದು ಲೆಕ್ಕದ ಪ್ರಶ್ನೆಯನ್ನು: ಎಷ್ಟು ನೋಟು ಮರಳಿ ಬಂತು? 2018ರ ರಿಸರ್ವ್ ಬ್ಯಾಂಕ್ ವಾರ್ಷಿಕ ವರದಿ ಅದಕ್ಕೆ ಉತ್ತರ ನೀಡಿತು. ರದ್ದಾದ 15.41 ಲಕ್ಷ ಕೋಟಿಯಲ್ಲಿ 15.31 ಲಕ್ಷ ಕೋಟಿ ರೂಪಾಯಿ, ಅಂದರೆ ಶೇ. 99.3ರಷ್ಟು, ಮರಳಿ ಬಂದಿತ್ತು. ನಮ್ಮ ಹತ್ತು ಲೇಖನಗಳು ಮಾಡದ ಕೆಲಸವನ್ನು ಈ ಒಂದು ಅಂಕಿ ಮಾಡಿತು. ಇದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಆದರೆ ಅದೇ ಚಿದಂಬರಂ 2022ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನೋಟು ರದ್ದತಿಯ ವಿರುದ್ಧ ವಾದಿಸಿದ ವಕೀಲರೂ ಹೌದು. 2023ರ ಜನವರಿ 2ರಂದು ನಾಲ್ವರು ನ್ಯಾಯಮೂರ್ತಿಗಳು ಸರಕಾರದ ಕ್ರಮವನ್ನು ಎತ್ತಿಹಿಡಿದರು. ಕರ್ನಾಟಕದವರೇ ಆದ ನ್ಯಾ. ಬಿ.ವಿ. ನಾಗರತ್ನ ಒಬ್ಬರೇ ಭಿನ್ನ ತೀರ್ಪು ಬರೆದರು. ಅಂಕಣಕಾರ, ಪಕ್ಷದ ನಾಯಕ, ವಕೀಲ ಎಂಬ ಮೂರು ಪಾತ್ರಗಳೂ ಒಬ್ಬರಲ್ಲೇ ಇರುವಾಗ ಯಾವ ವಾಕ್ಯವನ್ನು ಯಾರು ಆಡುತ್ತಿದ್ದಾರೆಂದು ಓದುಗ ಕೇಳಲೇಬೇಕು.

ಪೆಟ್ರೋಲ್, ಡೀಸೆಲ್‌ಗಳ ಮೇಲಿನ ಅಬಕಾರಿ ಸುಂಕವನ್ನು ಇಳಿಸಬೇಕೆಂಬುದು 2014ರ ನಂತರ ಅವರು ಮತ್ತೆ ಮತ್ತೆ ಮುಂದಿಟ್ಟ ಬೇಡಿಕೆ. ನ್ಯಾಯವಾದ ಬೇಡಿಕೆಯೇ. ಆದರೆ ಅವರ ಸರಕಾರದ ಕಾಲದಲ್ಲಿ ಬೆಲೆಯನ್ನು ಹಿಡಿದಿಟ್ಟದ್ದು ಹೇಗೆ? ತೈಲ ಕಂಪೆನಿಗಳ ನಷ್ಟಕ್ಕೆ ನಗದಿನ ಬದಲು ಬಾಂಡ್‌ಗಳನ್ನು ಕೊಡಲಾಯಿತು. ಆ ಮೊತ್ತ ವಿತ್ತೀಯ ಕೊರತೆಯ ಲೆಕ್ಕಕ್ಕೆ ಸೇರಲಿಲ್ಲ. 2014ರಲ್ಲಿ ಸುಮಾರು 1.3 ಲಕ್ಷ ಕೋಟಿ ರೂಪಾಯಿ ಬಾಕಿ ಉಳಿದಿತ್ತು. ಈ ಬಾಕಿಯನ್ನೇ ನೆಪವಾಗಿಸಿ ಸುಂಕ ಏರಿಸುತ್ತಲೇ ಹೋದವರ ಸಮರ್ಥನೆಯೂ ಸರಿಯಲ್ಲ. ಸುಂಕದಿಂದ ಬಂದ ಆದಾಯದ ಮುಂದೆ ಅದು ಸಣ್ಣ ಮೊತ್ತ. ಅದೇನಿದ್ದರೂ ಅಂಕಣದಲ್ಲಿ ಸುಂಕದ ಪ್ರಸ್ತಾಪ ಬಂದಾಗಲೆಲ್ಲ ಬಾಂಡ್‌ನ ನೆನಪೂ ನಮಗಿರಬೇಕು.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದುದು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕಥೆ. ವಾಜಪೇಯಿ ಸರಕಾರದ ಕಾಲದಲ್ಲಿ ಅಂಗೀಕಾರವಾದ ಆ ಕಾಯ್ದೆ ಜಾರಿಗೆ ಬಂದದ್ದು 2005ರ ಜುಲೈ 1ರಂದು, ಚಿದಂಬರಂ ಅರ್ಥಮಂತ್ರಿಯಾಗಿದ್ದಾಗ. 2012ರಲ್ಲಿ ಅದರ ವ್ಯಾಪ್ತಿಯನ್ನು ಹಿಗ್ಗಿಸಿದ ತಿದ್ದುಪಡಿಯನ್ನು ಸಂಸತ್ತಿನಲ್ಲಿ ಸಮರ್ಥಿಸಿದವರೂ ಅವರೇ. ಆರೋಪಿ ನಿರ್ದೋಷಿಯಿರಬಹುದೆಂದು ನ್ಯಾಯಾಲಯಕ್ಕೆ ಮೊದಲೇ ಮನವರಿಕೆಯಾದರೆ ಮಾತ್ರ ಜಾಮೀನು ಎನ್ನುವ ಕಾಯ್ದೆ ಅದು. 2019ರ ಆಗಸ್ಟ್ 21ರಂದು ಸಿಬಿಐ ಅವರನ್ನು ಬಂಧಿಸಿತು. ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯ ಇದೇ ಕಾಯ್ದೆಯಡಿ ಬಂಧಿಸಿತು. 106 ದಿನಗಳ ಬಳಿಕ, ಡಿಸೆಂಬರ್ 4ರಂದು, ಸುಪ್ರೀಂ ಕೋರ್ಟ್ ಜಾಮೀನು ನೀಡಿತು. ಆರೋಪಗಳನ್ನು ಅವರು ನಿರಾಕರಿಸಿದ್ದಾರೆ. ಅದರ ತೀರ್ಮಾನ ನ್ಯಾಯಾಲಯದ್ದು.

ಇದನ್ನು ಹೇಳುವಾಗ ನಮಗೆ ಕುಹಕದ ಉದ್ದೇಶವಿಲ್ಲ. ಜೈಲಿನಿಂದ ಬಂದವರು ಜಾಮೀನಿನ ಬಗ್ಗೆ ಬರೆದರೆ ಅದರಲ್ಲಿ ಅನುಭವದ ಬಲವಿರುತ್ತದೆ. ಆದರೆ ಹೆಸರಾಂತ ವಕೀಲರನ್ನು ಗೊತ್ತುಮಾಡಲಾಗದ ವಿಚಾರಣಾಧೀನ ಕೈದಿಗೆ ಆ ಬರಹದಿಂದ ಪ್ರಯೋಜನವಾಗಬೇಕಾದರೆ ಅದು ಮಂತ್ರಿಯ ಮೇಜಿನ ಮೇಲೂ ಉಳಿಯಬೇಕು. ಅಂಕಣವೆಂಬುದು ರಾಜಕಾರಣಿ ತನ್ನ ಕೈಯಾರೆ ಬರೆದುಕೊಟ್ಟ ಕರಾರುಪತ್ರ. ಚುನಾವಣಾ ಭಾಷಣವನ್ನು ಹಾಗೆ ಅಂದಿಲ್ಲ ಎಂದು ತಳ್ಳಿಹಾಕಬಹುದು. ಮುದ್ರಿತ ಅಂಕಣವನ್ನು ತಳ್ಳಿಹಾಕಲಾಗದು.

ಮಧ್ಯಾಹ್ನದ ಅವಧಿಯಲ್ಲಿ ನಿಮಗೆ ಎರಡು ಪ್ರತಿಗಳನ್ನು ಕೊಡಲಿದ್ದೇವೆ: ಅವರ ಒಂದು ಅಂಕಣ ಮತ್ತು 2006ರ ಫೆಬ್ರವರಿ 28ರ ಅವರ ಬಜೆಟ್ ಭಾಷಣ. ಜಿಎಸ್‌ಟಿಯನ್ನು 2010ರ ಏಪ್ರಿಲ್ 1ರಿಂದ ಜಾರಿಗೆ ತರುವ ಗುರಿಯನ್ನು ಅವರು ಪ್ರಕಟಿಸಿದ್ದು ಆ ಭಾಷಣದಲ್ಲಿಯೇ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಪೆನ್ಸಿಲ್ ಹಿಡಿದು ಓದಿರಿ. ಪ್ರಶ್ನೆಗಳನ್ನು ಆಮೇಲೆ ಎತ್ತಿಕೊಳ್ಳೋಣ.